ಸವೆಯದ ಹೊದಿಕೆ

ಉತ್ತರ ಸುಮಾತ್ರದ ತೋಬಾ ಬತಕ್ ಜನರಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ಉಳ್ಳ ತಂದೆ ಒಂದು ತುಂಡು ಗದ್ದೆಯನ್ನು ಬಳುವಳಿಯಾಗಿ ಕೊಡುವ ಪದ್ಧತಿಯುಂಟು. ಅಂಥ ನೆಲಕ್ಕೆ ಅವರ ಮಾತಿನಲ್ಲಿ 'ಉಲೊಸ್ ನ ಸೊ ರಾ ಬುರುಕ್' ಎಂಬ ಹೆಸರಿದೆ. ಉಲೊಸ್ ಎಂದರೆ ಅಲ್ಲಿನ ಹೆಂಗಸರು ಮಗ್ಗದಲ್ಲಿ ನೇಯುವ ಹೊದಿಕೆ. ಮಿಕ್ಕ ಮಾತುಗಳಿಗೆ, ಎಂದೂ ಜೀರ್ಣವಾಗದ್ದು ಎಂದರ್ಥ. ಸವೆಯದ ಹೊದಿಕೆ! ಡಚ್ ಅಧಿಕಾರಿ ಜೆ. ಸಿ. ಫರ್ಖೌವೆನ್ 1933ರಲ್ಲಿ ಪ್ರಕಟಿಸಿದ, 1964ರಲ್ಲಿ ಇಂಗ್ಲಿಷಿಗೆ ಬಂದ, ಬತಕ್ ಜನರ ನ್ಯಾಯಪದ್ಧತಿಯನ್ನು ಕುರಿತ ದೊಡ್ಡ ಗ್ರಂಥವನ್ನು ಓದುತ್ತಿದ್ದಾಗ ಈ ಹೆಸರು ನನ್ನ ಕಣ್ಣಿಗೆ ಬಿತ್ತು. ಭಾಷೆಯನ್ನು ಕಲಿಸಿ ಬದುಕಿದವನು ನಾನು, ಕಾನೂನು ಬಲ್ಲವನಲ್ಲ. ಆದರೂ ಈ ಹೆಸರಿನ ಬೆನ್ನುಹತ್ತಿ ಆ ಹಳ್ಳಿಯೊಳಗೆ, ಪುಸ್ತಕದ ದಾರಿಯಿಂದಲೇ, ಬಹುದೂರ ನಡೆದುಹೋದೆ.

ಆ ಸೀಮೆ ನಮಗೆ ತೀರ ಅಪರಿಚಿತವೇನಲ್ಲ. ಸುಮಾತ್ರದ ಪಶ್ಚಿಮ ಕರಾವಳಿಯಲ್ಲಿ, ಬಾರುಸ್ ಎಂಬ ರೇವಿನ ಬಳಿಯ ಲೋಬು ತುವದಲ್ಲಿ 1088ರ ಒಂದು ತಮಿಳು ಶಾಸನ ದೊರೆತಿದೆ. ಅದನ್ನು ಹಾಕಿಸಿದವರು ಐನೂರ್ವರು ಎಂಬ ವರ್ತಕಸಂಘದವರು. ನಮ್ಮ ಐಹೊಳೆಯ ಹೆಸರನ್ನು ಹೊತ್ತು ಕಡಲು ದಾಟಿದ ಅಯ್ಯಾವೊಳೆಯ ಐನೂರ್ವರೇ ಅವರು. ಕರ್ಪೂರಕ್ಕೆ ಹೆಸರಾದ ರೇವು ಅದು. ಅದರ ಹಿಂದಣ ಬೆಟ್ಟಗಳಲ್ಲಿ ಬತಕ್ ಜನರಿದ್ದಾರೆ. ಅವರು ದೇವರಿಗೆ ಇಂದಿಗೂ 'ದೇಬತಾ' ಎನ್ನುತ್ತಾರೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ.

ಸುಮಾರು 74,000 ವರ್ಷಗಳ ಹಿಂದೆ ಸಿಡಿದ ಮಹಾ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ತೋಬಾ ಸರೋವರವಾಯಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ನಡುವೆ ಸಮೋಸಿರ್ ಎಂಬ ದೊಡ್ಡ ನಡುಗಡ್ಡೆ. ಅದರ ಸುತ್ತಣ ಬಯಲು, ಇಳಿಜಾರುಗಳಲ್ಲಿ ಭತ್ತದ ಗದ್ದೆಗಳು. ಗದ್ದೆಗಳ ನಡುವೆ ಅಲ್ಲಲ್ಲಿ ದಟ್ಟವಾದ ಬಿದಿರುಮೆಳೆ. ಆ ಮೆಳೆಯೊಳಗೇ ಊರು. ಅದನ್ನು 'ಹುತ' ಎನ್ನುತ್ತಾರೆ. ಉತ್ತರದ ಕರೋ ಬತಕರಲ್ಲಿ ಅದೇ ಮಾತು 'ಕುತ', ಮಲಯದಲ್ಲಿ 'ಕೋತ'. ನಮ್ಮ ಕೋಟೆಯ ನಂಟು ಎಲ್ಲಿಯವರೆಗೆ ಹಬ್ಬಿದೆ ನೋಡಿ. ಹಿಂದೆ ಅದು ಕೋಟೆಯೇ ಆಗಿತ್ತು: ಸುತ್ತ ಮಣ್ಣಿನ ಅಥವಾ ಕಲ್ಲಿನ ದಿಣ್ಣೆ, ಮೇಲೆ ಬಿದಿರು, ಒಳಹೋಗಲು ಕಿರಿದಾದ ಬಾಗಿಲು. ಒಳಗೆ ಕಂಬಗಳ ಮೇಲೆ ನಿಂತ, ಕುದುರೆಯ ಜೀನಿನಂತೆ ನಡು ಬಾಗಿದ ಮಾಡಿನ ಕೆಲವೇ ಮನೆಗಳು ಒಂದು ಸಾಲು; ಎದುರಿಗೆ ಭತ್ತದ ಕಣಜಗಳ ಸಾಲು; ನಡುವಣ ಅಂಗಳದಲ್ಲಿ ಭತ್ತ ಒಣಗುತ್ತದೆ, ಮಕ್ಕಳು ಆಡುತ್ತಾರೆ, ಮದುವೆ ನಡೆಯುತ್ತದೆ, ಹೆಣವೂ ಅಲ್ಲಿಂದಲೇ ಹೊರಡುತ್ತದೆ.

ಇಂಥ ಊರಿನಲ್ಲಿ 'ಈ ಗದ್ದೆ ಯಾರದು?' ಎಂದು ಕೇಳಿದರೆ ಒಂದು ಹೆಸರು ಉತ್ತರವಾಗಿ ಬರುವುದಿಲ್ಲ, ಒಂದು ವಂಶಾವಳಿಯೇ ಬರುತ್ತದೆ. ಊರು ಕಟ್ಟಿದವನ ಕುಲಕ್ಕೆ ಆ ಸೀಮೆಯ ನೆಲದ ಮೇಲೆ ಮೂಲದ ಹಕ್ಕು. ಕುಲವನ್ನು ಅವರು 'ಮರ್ಗ' ಎನ್ನುತ್ತಾರೆ. ಬೇರೆ ಮರ್ಗದವನು ಅಳಿಯನಾಗಿ ಬಂದು ನೆಲೆಸಬಹುದು, ಉಳಬಹುದು. ಆದರೆ ಊರಿನ ಒಡೆತನ ಅವನದಾಗದು. ಮಗ ಬೇರೆ ಒಲೆ ಹೂಡಿದಾಗ ತಂದೆ ಅವನಿಗೊಂದು ಗದ್ದೆ ಬಿಟ್ಟುಕೊಡುತ್ತಾನೆ; ಅದಕ್ಕೊಂದು ಹೆಸರು. ಮಗಳ ಮಗುವಿಗೆ ಅಜ್ಜ ಕೊಡುವ ನೆಲಕ್ಕೆ 'ಇಂದಹನ್ ಅರಿಯನ್', ಅಂದರೆ ಹಗಲ ಅನ್ನ. ಕಷ್ಟ ಬಂದಾಗ ಗದ್ದೆಯನ್ನು ಮಾರುವುದಕ್ಕಿಂತ ಭೋಗ್ಯಕ್ಕೆ ಹಾಕುವುದೇ ವಾಡಿಕೆ: ಸಾಲ ಕೊಟ್ಟವನು ಬೆಳೆ ಉಣ್ಣುತ್ತಾನೆ, ಸಾಲ ತೀರಿಸಿದ ದಿನ, ಅದು ಮೊಮ್ಮಗನ ಕಾಲವೇ ಆಗಿರಲಿ, ನೆಲ ಮನೆಗೆ ಮರಳುತ್ತದೆ. ಅದರ ಹೆಸರು 'ದೊಂದೊನ್'. ಮಾರಲೇಬೇಕಾದರೂ ಮೊದಲು ದಾಯಾದಿಗಳನ್ನು ಕೇಳಬೇಕು.

ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ನಡುವೆ ಕೊಡುಕೊಳೆಯ ನಿಯಮವೊಂದಿದೆ. ಗಂಡಿನ ಕಡೆಯಿಂದ ಹೋಗುವುದು ಹಣ, ಮಾಂಸ. ಹೆಣ್ಣಿನ ಕಡೆಯಿಂದ ಬರುವುದು ಹೊದಿಕೆ, ಅನ್ನ, ಮೀನು ಮತ್ತು ಹರಕೆ. ಹೆಣ್ಣು ಕೊಟ್ಟವರೇ ಮೇಲು. ಅವರನ್ನು 'ಹುಲ-ಹುಲ' ಎನ್ನುತ್ತಾರೆ, ಕಣ್ಣಿಗೆ ಕಾಣುವ ದೇಬತಾ ಎಂದು ಗೌರವಿಸುತ್ತಾರೆ. ಅವರು ಹೆಗಲ ಮೇಲೆ ಹೊದಿಸುವ ಉಲೊಸಿನಿಂದಲೇ ಮಕ್ಕಳಾಗುತ್ತವೆ, ಬೆಳೆ ಏಳುತ್ತದೆ ಎಂಬ ನಂಬಿಕೆ. ನೊಮೆನ್ಸನ್ ಮುಂತಾದ ಜರ್ಮನ್ ಪಾದ್ರಿಗಳು 1860ರ ದಶಕದಿಂದ ದುಡಿದು ತೋಬಾ ಜನರಲ್ಲಿ ಬಹುಪಾಲನ್ನು ಕ್ರೈಸ್ತರನ್ನಾಗಿಸಿದರೂ ಈ ಹೊದಿಕೆ ಹೆಗಲಿನಿಂದ ಜಾರಲಿಲ್ಲ. ತಂದೆ ಮಗಳಿಗೆ ಗದ್ದೆ ಕೊಟ್ಟರೆ ಅದೂ ಹೊದಿಕೆಯ ಲೆಕ್ಕಕ್ಕೇ ಸೇರುವುದು ಈ ಕಾರಣದಿಂದ.

ಇಷ್ಟು ಹೊತ್ತು ನಾನು ಹೆಸರಿನ ಚೆಲುವಿಗೆ ಮರುಳಾದವನಂತೆ ಮಾತಾಡಿದೆ. ಅದಕ್ಕೊಂದು ಒಳಮುಖವಿದೆ. ಮಗಳಿಗೆ ನೆಲವನ್ನು ಉಡುಗೊರೆಯಾಗಿ ಕೊಡಬೇಕಾದದ್ದೇಕೆ? ಹಕ್ಕಿನಿಂದ ಅವಳಿಗೆ ಏನೂ ಬಾರದು ಎಂಬುದರಿಂದ. ಬತಕ್ ಪದ್ಧತಿಯಲ್ಲಿ ವಾರಸುದಾರರು ಗಂಡುಮಕ್ಕಳು. ಮಗನಿಲ್ಲದೆ ಸತ್ತವನನ್ನು 'ಪುನು' ಆದ ಎನ್ನುತ್ತಾರೆ. ಅವನ ವಂಶ ನಂದಿತು, ಮನೆಯ ತುಂಬ ಹೆಣ್ಣುಮಕ್ಕಳಿದ್ದರೂ ಗದ್ದೆ ಅಣ್ಣತಮ್ಮಂದಿರ ಪಾಲು. ಹದಿನೇಳು ಗಂಡು, ಹದಿನಾರು ಹೆಣ್ಣು ಆಗಲಿ ಎಂದು ವಧೂವರರನ್ನು ಹರಸುವ ಜನ ಅವರು. ಅಷ್ಟು ಧಾರಾಳದ ಹರಕೆಯಲ್ಲೂ ಹೆಣ್ಣಿಗೆ ಒಂದು ಕಡಿಮೆ! ಕೊಟ್ಟ ಗದ್ದೆಯನ್ನಾದರೂ ಅಳಿಯ ತೌರಿನವರನ್ನು ಕೇಳದೆ ಮಾರುವಂತಿಲ್ಲ. ಹೊದಿಕೆ ಸವೆಯದು, ನಿಜ. ಅದರ ಒಂದು ಸೆರಗು ಮಾತ್ರ ಕೊಟ್ಟವನ ಕೈಯಲ್ಲೇ ಉಳಿಯುತ್ತದೆ.

1961ರಲ್ಲಿ ಇಂಡೋನೇಷ್ಯದ ಸರ್ವೋಚ್ಚ ನ್ಯಾಯಾಲಯ ಕರೋ ಸೀಮೆಯಿಂದ ಬಂದ ಒಂದು ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತು. ಮಾನವೀಯತೆ, ನ್ಯಾಯ, ಸ್ತ್ರೀಪುರುಷರ ಸಮಾನತೆ ಇವುಗಳ ದೃಷ್ಟಿಯಿಂದ ಮಗಳಿಗೂ ಮಗನಿಗೂ ತಂದೆಯ ಆಸ್ತಿಯಲ್ಲಿ ಸಮಪಾಲು ಎಂದು ಅದು ಸಾರಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ಹಳ್ಳಿಯ ಅಂಗಳದಲ್ಲಿ ನಿಂತ ಹೆಣ್ಣುಮಗಳ ಸ್ಥಿತಿಯನ್ನು ನೆನೆಯಿರಿ. ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದದ್ದು ಅಣ್ಣನ ಮೇಲೆ. ಆ ಅಣ್ಣನೇ ಅವಳ ಗಂಡನಿಗೂ ಮಕ್ಕಳಿಗೂ ಕಣ್ಣಿಗೆ ಕಾಣುವ ದೇಬತಾ. ದೇವರ ಮೇಲೆ ದಾವೆ ಹೂಡಿ ಗೆದ್ದವಳಿಗೆ ಗದ್ದೆ ದೊರೆಯುತ್ತದೆ. ಮಗಳ ಮದುವೆಯ ದಿನ ಹರಸಬೇಕಾದ ಸೋದರಮಾವ ಎಲ್ಲಿ ನಿಲ್ಲುತ್ತಾನೆ? ಅಳುಕಿ ಸುಮ್ಮನಾದ ಹೆಂಗಸರನ್ನು ಅಂಜುಬುರುಕರೆಂದು ನಾನು ಹಳಿಯಲಾರೆ; ಹೋಗಿ ಪಾಲು ಕೇಳಿದವರನ್ನು ದುರಾಸೆಯವರೆಂದು ಅನ್ನಲಾರೆ.

ಈಚೆಗೆ ಆ ಊರುಗಳ ಚಹರೆಯೇ ಬೇರೆಯಾಗಿದೆ. ಗಂಡುಮಕ್ಕಳು ಮೆದಾನ್, ಜಕಾರ್ತಗಳಿಗೆ ಹೋಗಿ ಗುಮಾಸ್ತರಾದರು, ವಕೀಲರಾದರು, ಸೇನಾಧಿಕಾರಿಗಳಾದರು. ಗದ್ದೆಯ ಮೇಲಿನ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹಣವಾದಾಗ ಅವರು ಬಂದು ಕಟ್ಟಿಸುವುದು ಪೂರ್ವಿಕರ ಮೂಳೆಗಳಿಗೆ ಸಿಮೆಂಟಿನ ಸಮಾಧಿಯನ್ನು. ಹುಲ್ಲು ಬೆಳೆದ ಅಂಗಳ, ಬೀಗ ಬಿದ್ದ ಮನೆ, ಪಕ್ಕದಲ್ಲಿ ಮನೆಗಿಂತ ಎತ್ತರದ ಗೋರಿ. ತೋಬಾ ತೀರದಲ್ಲಿ ಇದು ಸಾಮಾನ್ಯ ನೋಟ. ಮದುವೆಯಾಗಿ ಬಂದ ಹೆಣ್ಣು ಕೊನೆಗೆ ಸೇರುವುದು ಗಂಡನ ಕುಲದ ಗೋರಿಯನ್ನೇ, ತಂದೆಯದನ್ನಲ್ಲ. ಆದರೆ ಅದಕ್ಕೆ ಮುಂಚೆ, ಆಕೆಯ ಹೆಣವನ್ನು ಅಂಗಳಕ್ಕೆ ತಂದಾಗ, ತೌರಿನವರು ಬರಬೇಕು. ಅವರು ಒಂದು ಉಲೊಸ್ ತಂದು ಮೈಮೇಲೆ ಹೊದಿಸುತ್ತಾರೆ. ಅದು ನೂಲಿನದು, ಅವಳ ಜೊತೆಗೆ ಮಣ್ಣಿಗೆ ಹೋಗುತ್ತದೆ.