ಮೀನಿನ ನೆತ್ತರು, ಬ್ಯಾಡಗಿಯ ಕೆಂಪು

ಹಾವೇರಿಯಿಂದ ರಾಣೆಬೆನ್ನೂರಿಗೆ ರೈಲಿನಲ್ಲಿ ಹೋಗುವವರಿಗೆ ನಡುವೆ ಬ್ಯಾಡಗಿ ಸಿಗುತ್ತದೆ. ಸುಗ್ಗಿಯಲ್ಲಿ ಅಲ್ಲಿಯ ಪೇಟೆಯನ್ನು ಕಂಡವರಿಗೆ ಕೆಂಪೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು; ಆ ಸುಕ್ಕುಗಟ್ಟಿದ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಈ ಕೆಂಪು ನನ್ನ ಗೆಳೆಯರೊಬ್ಬರನ್ನು ದಾರಿ ತಪ್ಪಿಸಿದ ಬಗೆಯನ್ನು ಹೇಳಬೇಕಾಗಿದೆ.

ಅವರು ರಾಣೆಬೆನ್ನೂರಿನ ಕಡೆಯವರು. ಸಾಲ ಮಾಡಿ ಹೊಂಡ ತೋಡಿಸಿ ಕಾಟ್ಲಾ, ರೋಹು ಸಾಕಿದ್ದರು. ಒಂದು ದಿನ ಬೆಳಿಗ್ಗೆ ಫೋನು ಬಂದಿತು: "ಮಾಸ್ತರ್ರ, ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಾವ್ರಿ. ಅವಕ್ಕ ರಕ್ತ ಕಡಿಮಿ ಆಗೇತಿ ಅಂದ್ರು. ಹಿಂಡಿ-ತೌಡಿನ ಜೋಡಿ ಅರಿಷಿಣ, ಬಳ್ಳೊಳ್ಳಿ, ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಾಕತ್ತೀನಿ. ದಿನಾ ಹೆಚ್ಚಿಗಿನ ಹಾಕ್ತೀನಿ."

ಬೆಳಗಿನ ಜಾವವಷ್ಟೇ ಹೀಗಾದರೆ ನೀರಿನಲ್ಲಿ ಪ್ರಾಣವಾಯು ಸಾಲದೆನ್ನಬಹುದಿತ್ತು. ನಾನು ತಲುಪಿದ್ದು ನಡುಮಧ್ಯಾಹ್ನ. ಆಗಲೂ ಮೀನುಗಳು ತೇಕುತ್ತಿದ್ದವು. ಒಂದನ್ನು ಹಿಡಿದು ಕಿವಿರು ತೆರೆದೆ. ದಾಸವಾಳದಂತಿರಬೇಕಾದದ್ದು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಬಾಲದ ಬುಡದ ರಕ್ತನಾಳಕ್ಕೆ ಸೂಜಿ ಚುಚ್ಚಿ ತೆಗೆದ ನೆತ್ತರೂ ಅದೇ ಬಣ್ಣ!

ನೆತ್ತರಿನ ಕೆಂಪು ಹಿಮೋಗ್ಲೋಬಿನ್ನಿನದು. ಅದರ ನಡುವೆ ಇರುವುದು ಕಬ್ಬಿಣ. ಮೆಣಸಿನಕಾಯಿಯ ಕೆಂಪು ಕ್ಯಾಪ್ಸಾಂತಿನ್ ಎಂಬ, ಕಬ್ಬಿಣದ ಸೋಂಕೂ ಇಲ್ಲದ ಬಣ್ಣ. ಸಾಕುವ ಬಣ್ಣದ ಮೀನುಗಳ ಮೈಗೆ ಅದು ರಂಗು ಕೊಟ್ಟೀತು, ನೆತ್ತರಿಗಲ್ಲ. ಹೊಂಡದಲ್ಲಿ ನಡೆದದ್ದೇ ಬೇರೆ. ಮೀನು ತಿನ್ನದೆ ಬಿಟ್ಟ ಮೇವು ತಳದಲ್ಲಿ ಕೊಳೆತು ಅಮೋನಿಯಾ ಆಗಿ, ಅದನ್ನು ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡಿದ್ದವು. ನೈಟ್ರೈಟ್ ಕಿವಿರಿನ ಮೂಲಕ ರಕ್ತವನ್ನು ಸೇರಿದರೆ ಆ ಕಬ್ಬಿಣದ ಸ್ವರೂಪವೇ ಬದಲಾಗಿ, ಹಿಮೋಗ್ಲೋಬಿನ್ ಪ್ರಾಣವಾಯುವನ್ನು ಹೊರಲಾರದು. ರಕ್ತ ಕಡಿಮೆಯಾಗಿರಲಿಲ್ಲ, ಇದ್ದ ರಕ್ತವೇ ಕೈಕಟ್ಟಿ ಕುಳಿತಿತ್ತು. ಗೆಳೆಯರು ಔಷಧವೆಂದು ಸುರಿದದ್ದೆಲ್ಲ ಬೇನೆಗೇ ಮೇವಾಗುತ್ತಿತ್ತು.

ಮೇವು ನಿಲ್ಲಿಸಿದೆವು, ಹೊಸ ನೀರು ಬಿಟ್ಟೆವು, ಅಡಿಗೆಯ ಉಪ್ಪನ್ನು ಲೆಕ್ಕಹಾಕಿ ಕರಗಿಸಿದೆವು. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟನ್ನು ತಡೆಯುತ್ತದೆ. ಮೂರನೆಯ ದಿನ ಕಿವಿರು ಕೆಂಪೇರಿತು. ಅಷ್ಟರಲ್ಲಿ ಸತ್ತವು ಸತ್ತಿದ್ದವು. ಸಾಲವಂತೂ ಹಾಗೆಯೇ ಉಳಿಯಿತು.

ಇಷ್ಟರಿಂದ ಗಿಡಮೂಲಿಕೆಗಳನ್ನು ತಳ್ಳಿಹಾಕಿದರೆ ಅನ್ಯಾಯವಾದೀತು. ಅರಿಸಿನ, ಬೆಳ್ಳುಳ್ಳಿ, ತುಲಸಿಗಳನ್ನು ಅಳತೆಯಿಂದ ತಿನ್ನಿಸಿದಾಗ ಮೀನಿನ ಹಿಮೋಗ್ಲೋಬಿನ್ ಏರಿದ್ದೂ, ಬಿಳಿಯ ರಕ್ತಕಣಗಳು ಚುರುಕಾದದ್ದೂ ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಮೀನಿನ ಜಾತಿ, ಪ್ರಮಾಣ, ತಿನ್ನಿಸಿದ ದಿನಗಳು ಬದಲಾದಂತೆ ಫಲವೂ ಬದಲಾಗುತ್ತದೆ. ನಮ್ಮ ಬಾಗಿಲ ಬೇವೇ ಪ್ರಮಾಣ ಮೀರಿದರೆ ಮೀನಿಗೆ ವಿಷ.

ಗೆಳೆಯರು ಈಗ ಹೊಂಡದೊಳಗೆ ಎರಡು ಬಲೆಗೂಡು ಕಟ್ಟಿದ್ದಾರೆ. ಒಂದಕ್ಕೆ ಬರಿಯ ಹಿಂಡಿ-ತೌಡು, ಇನ್ನೊಂದಕ್ಕೆ ತೂಗಿ ಬೆರೆಸಿದ ಅರಿಸಿನವೂ ಸಹ. ಮೊನ್ನೆ ಮತ್ತೆ ಫೋನು ಮಾಡಿದ್ದರು: "ಮಾಸ್ತರ್ರ, ಸೂಜಿ ತಗೊಂಡು ಯಾವಾಗ ಬರ್ತೀರಿ?"