ನಿಜಾಮರು ನಿರಂಕುಶರೇ?

(ಚರ್ಚಾಸ್ಪರ್ಧೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ದೊರೆ 1629ರಿಂದ 1640ರವರೆಗೆ ಸಂಸತ್ತನ್ನು ಕರೆಯದೆಯೇ ಆಳಿದ. ಆ ಕಾಲಕ್ಕೆ ಕೆಲವರು ‘ಹನ್ನೊಂದು ವರ್ಷಗಳ ದಬ್ಬಾಳಿಕೆ’ ಎಂದರೆ, ಇನ್ನು ಕೆಲವರು ‘ಸ್ವಂತ ಆಳ್ವಿಕೆ’ ಎಂದು ಮೆತ್ತಗೆ ಹೇಳುತ್ತಾರೆ. ಅದು ದೂರದ ಮಾತಾಯಿತು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳು 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರು ಫರ್ಮಾನುಗಳಿಂದ ಆಳಿದರು. 1914ರಿಂದ 1919ರವರೆಗೆ ದಿವಾನರೂ ಇರಲಿಲ್ಲ, ಎಲ್ಲವೂ ಅವರದೇ. ಅವರನ್ನು ಏನೆಂದು ಕರೆಯೋಣ?

ಈ ಪ್ರಶ್ನೆ ಕೇಳಿದರೆ ನಮ್ಮ ಮಕ್ಕಳು ಒಂದೋ ತಲೆ ತಗ್ಗಿಸುತ್ತಾರೆ, ಇಲ್ಲವೇ ಪಟ್ಟಿ ಒಪ್ಪಿಸುತ್ತಾರೆ: 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ, ನಿಜಾಮಸಾಗರ, 1921ರಲ್ಲಿ ಆಡಳಿತದಿಂದ ಬೇರ್ಪಟ್ಟ ನ್ಯಾಯಾಂಗ, ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ದೇಣಿಗೆ. ಪಟ್ಟಿ ಸುಳ್ಳಲ್ಲ. ಆದರೆ ಕೆರೆ ಕಟ್ಟಿಸಿದ ದೊರೆಯೂ ನಿರಂಕುಶನಾಗಿರಬಹುದು. ಪ್ರಜೆಗೆ ‘ಒಲ್ಲೆ’ ಎನ್ನಲು ದಾರಿಯಿತ್ತೇ ಎಂಬುದನ್ನು ನೋಡಬೇಕು.

ಶಾಸನ ಸಭೆಯೇನೋ 1893ರಿಂದಲೇ ಇತ್ತು. ಅದರಲ್ಲಿ ಹೆಚ್ಚಿನವರು ಅಧಿಕಾರಿಗಳು ಮತ್ತು ನಾಮಕರಣಗೊಂಡವರು. ‘ಗಸ್ತಿ ನಿಶಾನ್ ತಿರ್ಪನ್’, ಅಂದರೆ 53ನೆಯ ಸುತ್ತೋಲೆಯಂತೆ, ಸಾರ್ವಜನಿಕ ಸಭೆಗೆ ಮೊದಲೇ ಅನುಮತಿ ಬೇಕು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮುನ್ನವೇ ನಿಷೇಧಗೊಂಡಿತು. (ಹುಟ್ಟದ ಕೂಸಿಗೂ ಶಿಕ್ಷೆ!) ಅದೇ ವರ್ಷ ಉಸ್ಮಾನಿಯಾದಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು, ಅನೇಕರು ನಾಗಪುರಕ್ಕೆ ಹೋಗಿ ಓದಬೇಕಾಯಿತು. ನಿರಂಕುಶ ಎಂಬ ಮಾತು ಇಲ್ಲಿ ಸಲ್ಲುತ್ತದೆಂದೇ ನನ್ನ ಅಭಿಪ್ರಾಯ. ಹಾಗೆಂದು ಬ್ರಿಟಿಷರನ್ನು ಮರೆಯಬೇಡಿ. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಒಪ್ಪಿಸಿದವರು ಅವರೇ. ಸುರಪುರದ ಜನರನ್ನು ಯಾರು ಕೇಳಿದರು?

ಇನ್ನೊಂದು ಮಾತು. ನಿಜಾಮರನ್ನು ಟೀಕಿಸಿದರೆ ಮುಸಲ್ಮಾನರನ್ನೂ ಉರ್ದುವನ್ನೂ ಟೀಕಿಸಿದಂತೆ ಎಂದು ಕೆಲವರು ತಿಳಿಯುತ್ತಾರೆ. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದು 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ಕವಿ ಮಖ್ದೂಮ್ ಮೊಹಿಯುದ್ದೀನ್ ನಿಜಾಮಶಾಹಿಯ ವಿರುದ್ಧ ಹೋರಾಡಿದರು. ಫರ್ಮಾನಿನ ಭಾಷೆಯೂ ಉರ್ದು, ಅದಕ್ಕೆ ‘ಒಲ್ಲೆ’ ಎಂದ ಭಾಷೆಯೂ ಉರ್ದು. ಎರಡೂ ಭಾಷೆ ಕಲಿಸುವ ನನಗೆ ಇದು ಬಹಳ ಮುಖ್ಯ.

ರಜಾಕಾರರ ಹಿಂಸೆಯನ್ನು ಮುಚ್ಚಿಡಬೇಡಿ. ಪೊಲೀಸ್ ಕಾರ್ಯಾಚರಣೆಯ ನಂತರ ನಡೆದುದನ್ನೂ ಮುಚ್ಚಿಡಬೇಡಿ. ಭಾರತ ಸರಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಅಂದಿನ ಗುಲಬರ್ಗಾ ಒಂದು. ಅನೇಕ ಮನೆಗಳಲ್ಲಿ ಅಜ್ಜಂದಿರು ಈ ವಿಷಯಕ್ಕೆ ಬಾಯಿ ಬಿಡದೆ ಹೋದದ್ದು ಇದಕ್ಕೇ. ದೊರೆಗೆ ಮತ ಹಾಕದವರು ದೊರೆಯ ಲೆಕ್ಕ ತೀರಿಸಬೇಕಾಯಿತು.

ಎದುರು ಪಕ್ಷದವರು ಕೇಳಿಯೇ ಕೇಳುತ್ತಾರೆ: ಅವರು ನಿರಂಕುಶರಾಗಿದ್ದರೆ ಭಾರತ ಸರಕಾರ 1950ರಲ್ಲಿ ಅವರನ್ನೇ ರಾಜಪ್ರಮುಖರನ್ನಾಗಿ ಮಾಡಿತೇಕೆ? ಉತ್ತರ ಸಿದ್ಧವಿರಲಿ. 1952ರಲ್ಲಿ ಚುನಾಯಿತ ವಿಧಾನಸಭೆ ಬಂತು, ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ಅದೇ ಉಸ್ಮಾನ್ ಅಲಿ ಖಾನರು 1956ರವರೆಗೆ ಆ ಸಭೆಯೊಂದಿಗೆ ಹೊಂದಿಕೊಂಡೇ ಇದ್ದರು.