ಹಂಡೆಯ ಬಳಿಯ ಬರಹ



ಚನ್ನಗಿರಿಯ ಸೀಮೆಯಲ್ಲಿ ಹಸಿ ಅಡಿಕೆಯನ್ನು ಸುಲಿದು, ಹಿಂದೆ ಅಡಿಕೆ ಬೇಯಿಸಿ ಉಳಿದ ರಸವಾದ ಚೊಗರು ಬೆರೆತ ನೀರಿನಲ್ಲಿ ಬೇಯಿಸಿ, ಅಂಗಳದಲ್ಲಿ ಹರವಿ ಒಣಗಿಸುವ ಕಾಲದಲ್ಲಿ, ಹಂಡೆಯ ಮುಂದೆ ನಿಂತ ಹಿರಿಯರೊಬ್ಬರು ಒಂದೆರಡು ಅಡಿಕೆಯನ್ನು ಮೇಲೆತ್ತಿ, ಉಗುರಿನಿಂದ ಒತ್ತಿ ನೋಡಿ, "ಹದ ಬಂತು, ಇಳಿಸಿರಿ" ಎನ್ನುವುದನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಆ ಹದವೆಂಬ ಒಂದು ಮಾತಿನಲ್ಲಿ ಆಯುಷ್ಯದ ಅನುಭವವೆಲ್ಲ ಅಡಗಿರುತ್ತದೆ. ಆದರೆ ಆ ಹಿರಿಯರು ಜ್ವರದಿಂದ ಮಲಗಿದ ದಿನ ಹಂಡೆಯ ಮುಂದೆ ನಿಲ್ಲುವ ಹುಡುಗನಿಗೆ ಆ ಅನುಭವವು ದೊರೆಯುವ ಬಗೆಯೆಂತು? ಈ ಪ್ರಶ್ನೆಗೆ ಉತ್ತರವೇ ಕೆಲಸವನ್ನು ಬರೆದಿಡುವ ಪದ್ಧತಿ.

ಹೀಗೆ ಬರೆದಿಡುವುದು ಎಷ್ಟಿರಬೇಕೆಂಬುದಕ್ಕೆ ಒಂದು ಉದಾಹರಣೆ ನೋಡಿರಿ. ಗುಣಮಟ್ಟ ನಿರ್ವಹಣೆಗಾಗಿ ಐಎಸ್ಒ 9001 ಎಂಬ ಅಂತರರಾಷ್ಟ್ರೀಯ ಮಾನಕವು 1987ರಲ್ಲಿ ಪ್ರಕಟವಾಯಿತು. ಅದರ 2008ರ ಆವೃತ್ತಿಯು ಆರು ಕಾರ್ಯವಿಧಾನಗಳನ್ನು ಬರಹದಲ್ಲಿಡಲೇಬೇಕೆಂದು ವಿಧಿಸಿತ್ತು. 2015ರ ಆವೃತ್ತಿಯು ಆ ಕಡ್ಡಾಯವನ್ನು ಸಡಿಲಿಸಿ, ಯಾವ ಬರಹ ಎಷ್ಟು ಬೇಕೆಂಬುದರ ನಿರ್ಣಯವನ್ನು ಬಹುಮಟ್ಟಿಗೆ ಆಯಾ ಸಂಸ್ಥೆಯ ವಿವೇಕಕ್ಕೇ ಬಿಟ್ಟಿತು. ಇದು ಉಚಿತವಾದ ಬದಲಾವಣೆಯೆಂದೇ ನನ್ನ ಅಭಿಪ್ರಾಯ. ಅನ್ಯರ ಕಡತವನ್ನು ನಕಲು ಮಾಡಿ ಕಪಾಟಿನಲ್ಲಿಟ್ಟರೆ ಕೆಲಸಗಾರನಿಗೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

ಕಾರ್ಯವಿಧಾನ, ಕಾರ್ಯಸೂಚನೆ ಇವೆರಡನ್ನೂ ಒಂದೆಂದು ಭಾವಿಸಬಾರದು. ಹೊನ್ನಾಳಿ, ನ್ಯಾಮತಿಗಳ ಕಡೆಯ ಹಾಲಿನ ಡೈರಿಯನ್ನೇ ನೋಡಿರಿ. ಹಾಲನ್ನು ಯಾರು ಅಳೆಯಬೇಕು, ಯಾರು ಪರೀಕ್ಷಿಸಬೇಕು, ಲೆಕ್ಕವನ್ನು ಎಲ್ಲಿ ಬರೆಯಬೇಕು, ಕೆಟ್ಟ ಹಾಲು ಬಂದರೆ ತೀರ್ಮಾನ ಯಾರದು ಎಂಬುದನ್ನು ಹೇಳುವುದು ಕಾರ್ಯವಿಧಾನ. ಕೆನೆಯು ಮೇಲೆ ನಿಲ್ಲುವುದರಿಂದ, ಹಾಲನ್ನು ತಳದಿಂದ ಚೆನ್ನಾಗಿ ಕಲಕಿದ ಮೇಲೆಯೇ ಫ್ಯಾಟ್ ಪರೀಕ್ಷೆಗೆ ಮಾದರಿ ತೆಗೆಯಬೇಕೆಂದು ಪರೀಕ್ಷಿಸುವವನಿಗೆ ಹೇಳಿಕೊಡುವುದು ಕಾರ್ಯಸೂಚನೆ. ಕಲಕುವುದೊಂದು ತಪ್ಪಿದರೆ ರೈತನಿಗೋ ಸಂಘಕ್ಕೋ ಅನ್ಯಾಯವಾಗುವುದು ನಿಶ್ಚಯ. ಆದಕಾರಣ ಸೂಚನೆಯೊಡನೆ ಅದರ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯುವುದು ಲೇಸು.

ಸೂಚನೆಯ ಮಾತು ಸ್ಪಷ್ಟವಾಗಿಯೂ ಇರಬೇಕು. ಜಗಳೂರಿನ ಕಡೆ ಮೆಕ್ಕೆಜೋಳವನ್ನು ಚೀಲಕ್ಕೆ ತುಂಬುವವರಿಗೆ "ಚೆನ್ನಾಗಿ ಒಣಗಿಸಿರಿ" ಎಂದು ಬರೆದುಕೊಟ್ಟರೆ ಒಬ್ಬೊಬ್ಬರ 'ಚೆನ್ನಾಗಿ' ಒಂದೊಂದು ತೆರನಾಗುತ್ತದೆ. "ತೇವಾಂಶ ಶೇಕಡಾ 14ಕ್ಕಿಂತ ಹೆಚ್ಚಿದ್ದರೆ ತುಂಬಬೇಡಿರಿ, ಮರಳಿ ಕಣದಲ್ಲಿ ಹರವಿರಿ" ಎಂದು ಬರೆದರೆ ಸಂದೇಹಕ್ಕೆ ಆಸ್ಪದವಿಲ್ಲ. ತಪ್ಪಿದಾಗ ಮಾಡಬೇಕಾದುದೂ ಅದರಲ್ಲಿಯೇ ಇದೆ.

ಬರೆಯುವವನು ಕಚೇರಿಯ ಮೇಜನ್ನು ಬಿಟ್ಟು ಕೆಲಸ ನಡೆಯುವೆಡೆಗೆ ಹೋಗಬೇಕು. ಕೆಲಸಗಾರನ ಕೈಯನ್ನು ನೋಡಬೇಕು, ಅವನ ಮಾತಿನಲ್ಲಿಯೇ ಬರೆಯಬೇಕು. ಚೊಗರೆಂದರೆ ಚೊಗರೆಂದೇ ಇರಲಿ, ಅದನ್ನು ಕಷಾಯದ್ರವವೆಂದು ತಿದ್ದುವುದು ಬೇಡ. ಬಳಿಕ ಆ ಹಾಳೆಯನ್ನು ಹೊಸಬನ ಕೈಗಿತ್ತು, ತಾನು ಬಾಯಿ ತೆರೆಯದೆ ಪಕ್ಕದಲ್ಲಿ ನಿಂತು, ಅವನು ಎಲ್ಲಿ ತಡವರಿಸುವನೋ ಅಲ್ಲಿ ದೋಷವು ಬರಹದ್ದೆಂದು ತಿಳಿದು ತಿದ್ದಬೇಕು. ಓದು ಬಾರದವರಿದ್ದರೆ ಚಿತ್ರ ಬರೆಯಿಸಬೇಕು. ಹಾಳೆಯ ಮೇಲೆ ದಿನಾಂಕವಿರಲಿ. ಹೊಸದನ್ನು ಅಂಟಿಸಿದ ದಿನವೇ ಹಳೆಯದು ಗೋಡೆಯಿಂದ ಇಳಿಯಲಿ.

ಬರುವ ಕೊಯ್ಲಿಗೆ ಹಂಡೆಗೆ ಬೆಂಕಿ ಹಾಕುವ ಮುನ್ನ, ಹದ ಬಲ್ಲ ಆ ಹಿರಿಯರ ಪಕ್ಕದಲ್ಲಿ ಒಂದು ಹೊತ್ತು ಕುಳಿತು, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಳ್ಳಿರೆಂದು ನಿಮ್ಮಲ್ಲಿ ಪ್ರಾರ್ಥಿಸುತ್ತೇನೆ.